ಕಲ್ಲಿನೊಳಗಿನ ಜಲಜನಕ: ಟ್ರಿಟಿಯಂ ಬಿಡುಗಡೆಯ ಚರಿತ್ರೆ



ಕೂಟದ ಕಾರ್ಯಕಾರಿ ಸಮಿತಿಯವರು ಈ ಉಪನ್ಯಾಸಕ್ಕೆ ನಮ್ಮನ್ನು ಆಹ್ವಾನಿಸಿದಾಗ, ವೈದ್ಯರಾದ ನಾವು ರಕ್ತದೊತ್ತಡವನ್ನೋ ಸಕ್ಕರೆ ಕಾಯಿಲೆಯನ್ನೋ ಕುರಿತು ಮಾತನಾಡುವೆವೆಂದು ನಿರೀಕ್ಷಿಸಿದ್ದರೆಂದು ತೋರುತ್ತದೆ. ಆ ವಿಷಯಗಳನ್ನು ತಾವು ನಮ್ಮಿಂದ ಊಟದ ಸಾಲಿನಲ್ಲಿಯೇ ಸಾಕಷ್ಟು ಕೇಳಿದ್ದೀರಿ. ಆದುದರಿಂದ ಇಂದು ಬೇರೊಂದು ವಸ್ತುವನ್ನು ಆರಿಸಿಕೊಂಡಿದ್ದೇವೆ. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಈ ದೇಶಕ್ಕೆ ಬಂದು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ರೆಸಿಡೆನ್ಸಿ ಮಾಡಿದ ನಮಗೆ ಟ್ರಿಟಿಯಂ ಎಂಬ ಹೆಸರು ಮೊದಲು ಪರಿಚಯವಾದದ್ದು ಮೂತ್ರಪರೀಕ್ಷೆಯ ಚೀಟಿಯ ಮೇಲೆ. ಅದೇ ಟ್ರಿಟಿಯಂ, ಸೂರ್ಯನ ಬೆಂಕಿಯನ್ನು ಭೂಮಿಗೆ ಇಳಿಸುವ ಪ್ರಯತ್ನದಲ್ಲಿ ಉರುವಲಾಗಬೇಕಾದ ವಸ್ತು ಎಂಬುದು ತಮ್ಮಲ್ಲಿ ಅನೇಕರಿಗೆ ತಿಳಿದಿದೆ. ಆ ಉರುವಲು ಎಲ್ಲಿಂದ ಬರಬೇಕು, ಕಲ್ಲಿನಂಥ ಒಂದು ವಸ್ತುವಿನ ಒಡಲಿನಿಂದ ಅದನ್ನು ಹೇಗೆ ಹೊರಗೆ ಕರೆಯಬೇಕು ಎಂಬ ಪ್ರಶ್ನೆಗೆ ಕಳೆದ ಐವತ್ತು ವರ್ಷಗಳಲ್ಲಿ ಉತ್ತರ ಹುಡುಕಿದವರ ಕಥೆ ಮಾತ್ರ ಪತ್ರಿಕೆಗಳಲ್ಲಿ ಕಾಣಿಸುವುದಿಲ್ಲ. ಪತ್ರಿಕೆಗಳಿಗೆ ಪ್ಲಾಸ್ಮಾದ ಹತ್ತು ಕೋಟಿ ಡಿಗ್ರಿ ಉಷ್ಣವೇ ಪ್ರಿಯ. ಅದರ ಸುತ್ತಲಿನ ಗೋಡೆಯಲ್ಲಿ ಕುಳಿತ ಸಾಸಿವೆ ಗಾತ್ರದ ಹರಳುಗಳ ಕಡೆಗೆ ನೋಡುವವರು ಕಡಿಮೆ.

ಮೊದಲು ಟ್ರಿಟಿಯಂನ ಜನನವೃತ್ತಾಂತ. ಜಲಜನಕಕ್ಕೆ ಮೂರು ರೂಪಗಳಿವೆ. ಸಾಮಾನ್ಯ ಜಲಜನಕದ ಬೀಜದಲ್ಲಿ ಒಂದು ಪ್ರೋಟಾನ್ ಮಾತ್ರವಿದೆ. ಡ್ಯೂಟೀರಿಯಂನಲ್ಲಿ ಪ್ರೋಟಾನಿನೊಡನೆ ಒಂದು ನ್ಯೂಟ್ರಾನ್. ಟ್ರಿಟಿಯಂನಲ್ಲಿ ಎರಡು ನ್ಯೂಟ್ರಾನುಗಳು. ಅಮೆರಿಕದ ಹೆರಾಲ್ಡ್ ಯೂರೆ 1931ರಲ್ಲಿ ಡ್ಯೂಟೀರಿಯಂ ಅನ್ನು ಕಂಡುಹಿಡಿದು 1934ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಅದೇ 1934ರಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಅರ್ನೆಸ್ಟ್ ರುದರ್‌ಫರ್ಡ್, ಮಾರ್ಕ್ ಆಲಿಫಂಟ್ ಮತ್ತು ಪಾಲ್ ಹಾರ್ಟೆಕ್ ಎಂಬ ಮೂವರು ಡ್ಯೂಟೀರಿಯಂ ಬೀಜಗಳನ್ನು ಡ್ಯೂಟೀರಿಯಂ ಮೇಲೆಯೇ ಎಸೆದು, ಮೂರರ ತೂಕದ ಜಲಜನಕ ಹುಟ್ಟುವುದನ್ನು ಕಂಡರು. ಅಂದರೆ ಟ್ರಿಟಿಯಂ ಮನುಷ್ಯನಿಗೆ ಗೋಚರವಾದದ್ದೇ ಒಂದು ಸಮ್ಮಿಲನ ಕ್ರಿಯೆಯ ಮೂಲಕ.

ಇಲ್ಲಿ ಒಂದು ವಿಚಿತ್ರವಿದೆ. ರುದರ್‌ಫರ್ಡ್ ಮಹಾಶಯನು ಈ ಹೊಸ ಜಲಜನಕ ಸ್ಥಿರವಾದದ್ದೆಂದು ಭಾವಿಸಿದನು. ಸ್ಥಿರವಾಗಿದ್ದರೆ ಪ್ರಕೃತಿಯಲ್ಲಿ ಎಲ್ಲಿಯಾದರೂ ಸಿಗಲೇಬೇಕಲ್ಲವೆ? ನಾರ್ವೆಯಿಂದ ತರಿಸಿದ ಭಾರಜಲವನ್ನು ಮತ್ತಷ್ಟು ಸಾಂದ್ರಗೊಳಿಸಿ ಅದರಲ್ಲಿ ಹುಡುಕಲಾಯಿತು, ಸಿಗಲಿಲ್ಲ. ಆ ನಿಷ್ಫಲ ಶೋಧನೆಯ ವರದಿ ಪ್ರಕಟವಾದ 1937ರಲ್ಲಿಯೇ ರುದರ್‌ಫರ್ಡ್ ತೀರಿಕೊಂಡನು. ಎರಡು ವರ್ಷಗಳ ಅನಂತರ, 1939ರಲ್ಲಿ, ಬರ್ಕ್ಲಿಯ ಲೂಯಿ ಆಲ್ವರೆಜ್ ಮತ್ತು ರಾಬರ್ಟ್ ಕಾರ್ನೋಗ್ ಎಂಬವರು ಟ್ರಿಟಿಯಂ ವಿಕಿರಣಶೀಲವಾದದ್ದೆಂದೂ ಸ್ಥಿರವಾದದ್ದು ಹೀಲಿಯಂ-3 ಎಂದೂ ತೋರಿಸಿದರು. ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷಗಳು. ಇಂದು ಡಬ್ಬದಲ್ಲಿ ಇಟ್ಟುದರಲ್ಲಿ ವರ್ಷಕ್ಕೆ ಸುಮಾರು ನೂರಕ್ಕೆ ಐದೂವರೆ ಪಾಲು ತಾನಾಗಿ ಹೀಲಿಯಂ ಆಗಿಬಿಡುತ್ತದೆ. ಕಾಸ್ಮಿಕ್ ಕಿರಣಗಳು ವಾಯುಮಂಡಲದಲ್ಲಿ ಸದಾ ಸ್ವಲ್ಪ ಟ್ರಿಟಿಯಂ ಅನ್ನು ಹುಟ್ಟಿಸುತ್ತಿದ್ದರೂ ಇಡೀ ಭೂಮಂಡಲದಲ್ಲಿ ಹೀಗೆ ಸಹಜವಾಗಿ ಇರುವುದು ಕೆಲವೇ ಕಿಲೋಗ್ರಾಂ. ಹಾಗಾಗಿ ಇದನ್ನು ಗಣಿಯಿಂದ ಅಗೆಯುವಂತಿಲ್ಲ, ಕೂಡಿಡುವಂತೆಯೂ ಇಲ್ಲ. ಬೇಕಾದವರು ಬೇಕಾದಾಗ ಮಾಡಿಕೊಳ್ಳಬೇಕು.

ಬೇಕಾಗುವುದು ಎಷ್ಟು? ಡ್ಯೂಟೀರಿಯಂ ಮತ್ತು ಟ್ರಿಟಿಯಂ ಸೇರಿದಾಗ ಒಂದು ಹೀಲಿಯಂ ಬೀಜವೂ ಒಂದು ವೇಗದ ನ್ಯೂಟ್ರಾನೂ ಹೊರಬೀಳುತ್ತವೆ. ಒಟ್ಟು ಶಕ್ತಿಯ ನೂರಕ್ಕೆ ಎಂಬತ್ತು ಪಾಲು ನ್ಯೂಟ್ರಾನಿನದು. ಒಂದು ಸ್ಥಾವರ ಒಂದು ಗಿಗಾವ್ಯಾಟ್ ಸಮ್ಮಿಲನ ಶಕ್ತಿಯನ್ನು ವರ್ಷವಿಡೀ ಕೊಡಬೇಕಾದರೆ ಸುಮಾರು 56 ಕಿಲೋಗ್ರಾಂ ಟ್ರಿಟಿಯಂ ಉರಿಯಬೇಕು, ದಿನಕ್ಕೆ ಹೆಚ್ಚು ಕಡಿಮೆ 150 ಗ್ರಾಂ. ಜಗತ್ತಿನಲ್ಲಿ ಶಾಂತಿಯುತ ಉಪಯೋಗಕ್ಕೆ ದೊರೆಯಬಹುದಾದ ಟ್ರಿಟಿಯಂನ ಒಟ್ಟು ದಾಸ್ತಾನು ಸುಮಾರು 25ರಿಂದ 30 ಕಿಲೋಗ್ರಾಂ ಎಂದು ಅಂದಾಜು. ಅದರ ಬಹುಪಾಲು ಕೆನಡಾದ ಆಂಟೇರಿಯೋ ಪ್ರಾಂತದ ಭಾರಜಲ ರಿಯಾಕ್ಟರುಗಳ ಉಪಫಲ.

ನಮ್ಮ ತಾಯಂದಿರಿಗೆ ಈ ಲೆಕ್ಕ ವಿವರಿಸಬೇಕಾಗಿಲ್ಲ. ರಾತ್ರಿ ಹಾಲಿಗೆ ಹೆಪ್ಪು ಹಾಕಿ, ಬೆಳಗ್ಗೆ ಮೊಸರನ್ನು ಉಣ್ಣುವ ಮೊದಲು ನಾಳೆಯ ಹೆಪ್ಪನ್ನು ತೆಗೆದಿಡುತ್ತಾರೆ. ಪಕ್ಕದ ಮನೆಗೆ ಹೊಸದಾಗಿ ಬಂದ ಸಂಸಾರಕ್ಕೆ ಕೊಡಲು ಒಂದು ಚಮಚ ಹೆಚ್ಚಾಗಿಯೇ ಉಳಿಯಬೇಕು. ಈ ಊರಿನಲ್ಲಿ ಮೊದಮೊದಲು ಮನೆ ಹೂಡಿದವರಿಗೆ ಆ ಚಮಚದ ಬೆಲೆ ಗೊತ್ತು. ಸಮ್ಮಿಲನ ಸ್ಥಾವರದ ಸ್ಥಿತಿಯೂ ಅದೇ. ಉರಿಸಿದಷ್ಟು ಟ್ರಿಟಿಯಂ ಅನ್ನು ಅದು ತಾನೇ ಮರಳಿ ಹುಟ್ಟಿಸಬೇಕು, ಸವೆತಕ್ಕೂ ಮುಂದಿನ ಸ್ಥಾವರಕ್ಕೂ ಸ್ವಲ್ಪ ಹೆಚ್ಚು ಹುಟ್ಟಿಸಬೇಕು. ಹುಟ್ಟಿದ ಮೇಲೆ ಅದನ್ನು ಬೇಗ ಹೊರಗೆ ತೆಗೆಯಲೂಬೇಕು. ಈ ಕೊನೆಯ ಮಾತೇ ಇಂದಿನ ವಿಷಯ.

ಟ್ರಿಟಿಯಂ ಹುಟ್ಟುವುದು ಲಿಥಿಯಂನಿಂದ. ಸ್ವೀಡನ್ನಿನ ಯೋಹಾನ್ ಆಗಸ್ಟ್ ಆರ್ಫ್‌ವೆಡ್‌ಸನ್ ಎಂಬ ತರುಣನು 1817ರಲ್ಲಿ ಪೆಟಲೈಟ್ ಎಂಬ ಖನಿಜದಲ್ಲಿ ಈ ಧಾತುವನ್ನು ಗುರುತಿಸಿದನು. ಕಲ್ಲಿನಲ್ಲಿ ಸಿಕ್ಕಿತೆಂದು ಗ್ರೀಕ್ ಭಾಷೆಯ ಕಲ್ಲೆಂಬ ಪದದಿಂದಲೇ ಅದಕ್ಕೆ ಹೆಸರು ಬಂದಿತು. ನಮ್ಮ ಮಂಡ್ಯ ಜಿಲ್ಲೆಯ ಮರ್ಲಗಲ್ಲದ ಬಳಿಯಲ್ಲಿಯೂ ಸುಮಾರು 1,600 ಟನ್ ಲಿಥಿಯಂ ಇರಬಹುದೆಂದು ಭಾರತದ ಪರಮಾಣು ಖನಿಜ ನಿರ್ದೇಶನಾಲಯವು ಅಂದಾಜು ಮಾಡಿದೆ. ಆ ಊರಿನ ಹೆಸರಿನಲ್ಲಿಯೂ ಕಲ್ಲೇ ಕೇಳಿಸುವುದು ಒಂದು ಸೊಗಸು. ವೈದ್ಯರಿಗೆ ಲಿಥಿಯಂ ಬೇರೆಯೇ ದಾರಿಯಿಂದ ಪರಿಚಿತ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ಮನೋವೈದ್ಯನು ಉನ್ಮಾದದ ರೋಗಿಗಳಿಗೆ ಲಿಥಿಯಂ ಲವಣವನ್ನು ಕೊಟ್ಟು ಗುಣ ಕಂಡನು. ಇಂದಿಗೂ ಆ ಮದ್ದನ್ನು ಬರೆಯುವಾಗ ರಕ್ತದಲ್ಲಿ ಅದರ ಮಟ್ಟವನ್ನು ಅಳೆಯುತ್ತಲೇ ಇರಬೇಕು, ಏಕೆಂದರೆ ಗುಣದ ಮಟ್ಟಕ್ಕೂ ವಿಷದ ಮಟ್ಟಕ್ಕೂ ನಡುವೆ ಅಂತರ ಕಿರಿದು. ಒಳಗೆ ಹೋದದ್ದೆಷ್ಟು, ಮೂತ್ರಪಿಂಡ ಹೊರಗೆ ಹಾಕಿದ್ದೆಷ್ಟು, ಉಳಿದದ್ದೆಷ್ಟು ಎಂಬ ಈ ಲೆಕ್ಕ ಮುಂದೆ ನಮಗೆ ಉಪಯೋಗಕ್ಕೆ ಬರುತ್ತದೆ.

ಪ್ರಕೃತಿಯ ಲಿಥಿಯಂನಲ್ಲಿ ನೂರಕ್ಕೆ ಏಳೂವರೆ ಪಾಲು ಲಿಥಿಯಂ-6, ಉಳಿದದ್ದು ಲಿಥಿಯಂ-7. ಲಿಥಿಯಂ-6ಕ್ಕೆ ನ್ಯೂಟ್ರಾನ್ ತಗುಲಿದರೆ ಬೀಜ ಎರಡಾಗಿ ಒಡೆದು ಒಂದು ಹೀಲಿಯಂ, ಒಂದು ಟ್ರಿಟಿಯಂ ಆಗುತ್ತವೆ. ಜೊತೆಗೆ ಶಾಖವೂ ಬರುತ್ತದೆ. ಲಿಥಿಯಂ-7 ಕೂಡ ವೇಗದ ನ್ಯೂಟ್ರಾನಿನಿಂದ ಟ್ರಿಟಿಯಂ ಕೊಡಬಲ್ಲದೆಂಬುದನ್ನು ಜಗತ್ತು ಒಂದು ದುರಂತದ ಮೂಲಕ ಮನಗಂಡಿತು. 1954ರ ಮಾರ್ಚ್ 1ರಂದು ಪೆಸಿಫಿಕ್ ಸಾಗರದ ಬಿಕಿನಿ ದ್ವೀಪವಲಯದಲ್ಲಿ ಅಮೆರಿಕ ಸಿಡಿಸಿದ 'ಬ್ರಾವೋ' ಬಾಂಬಿನಲ್ಲಿ ಲಿಥಿಯಂ ಡ್ಯೂಟೆರೈಡ್ ಎಂಬ ಘನವಸ್ತುವಿತ್ತು. ಆರು ಮೆಗಾಟನ್ ಎಂದು ಎಣಿಸಿದ್ದುದು ಹದಿನೈದು ಮೆಗಾಟನ್ ಆಯಿತು. ಲಿಥಿಯಂ-7 ಜಡವಾಗಿರುವುದೆಂಬ ಎಣಿಕೆ ತಪ್ಪಾಗಿತ್ತು. ಜಪಾನಿನ ಮೀನುಗಾರರ ಒಂದು ದೋಣಿಯ ಮೇಲೂ ರಾಂಗೆಲಾಪ್ ದ್ವೀಪದವರ ಮೇಲೂ ವಿಕಿರಣ ಧೂಳು ಸುರಿಯಿತು. ದೋಣಿಯ ರೇಡಿಯೋ ನಿರ್ವಾಹಕ ಐಕಿಚಿ ಕುಬೊಯಾಮ ಆ ವರ್ಷದ ಸೆಪ್ಟೆಂಬರಿನಲ್ಲಿ ಮೃತನಾದನು. ದ್ವೀಪದ ಮಕ್ಕಳಲ್ಲಿ ಅನೇಕರಿಗೆ ಮುಂದೆ ಥೈರಾಯ್ಡ್ ಗಂಟುಗಳು ಕಾಣಿಸಿಕೊಂಡವು. ಅವರನ್ನು ಬಾಧಿಸಿದ್ದು ವಿದಳನದ ಬೂದಿಯೇ ಹೊರತು ಟ್ರಿಟಿಯಂ ಅಲ್ಲ. ಆದರೂ ಲಿಥಿಯಂನ ಕಥೆಯನ್ನು ಹೇಳುವಾಗ ಅವರನ್ನು ಬಿಟ್ಟು ಮುಂದೆ ಹೋಗುವುದು ನಮಗೆ ಸರಿಯೆನಿಸುವುದಿಲ್ಲ.

ಮರುವರ್ಷ, 1955ರ ಆಗಸ್ಟಿನಲ್ಲಿ, ಜಿನೀವಾದಲ್ಲಿ ಪರಮಾಣು ಶಕ್ತಿಯ ಶಾಂತಿಯುತ ಉಪಯೋಗಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನೆರೆಯಿತು. ಅಧ್ಯಕ್ಷರು ಡಾ. ಹೋಮಿ ಭಾಭಾ; ಯುದ್ಧದ ವರ್ಷಗಳಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿದ್ದು ಕಾಸ್ಮಿಕ್ ಕಿರಣಗಳ ವಿಭಾಗವನ್ನು ಕಟ್ಟಿದವರು. ಸಮ್ಮಿಲನ ಶಕ್ತಿಯನ್ನು ಹತೋಟಿಯಲ್ಲಿಟ್ಟು ಬಿಡುಗಡೆ ಮಾಡುವ ವಿಧಾನ ಎರಡು ದಶಕಗಳೊಳಗೆ ದೊರೆಯುವುದೆಂದು ಅವರು ಅಲ್ಲಿ ಭವಿಷ್ಯ ನುಡಿದರು. ಎರಡು ದಶಕಗಳೇನು, ಏಳು ದಶಕಗಳು ಸಂದಿವೆ. ಇದನ್ನು ಹೇಳಿ ನಗುವವರಿದ್ದಾರೆ. ನಮಗೆ ನಗು ಬರುವುದಿಲ್ಲ. ಅಂದು ಅವರ ಮುಂದಿದ್ದ ಕಷ್ಟ ಪ್ಲಾಸ್ಮಾವನ್ನು ಹಿಡಿದಿಡುವುದೊಂದೇ. ಹಿಡಿದ ಮೇಲೆ ಅದಕ್ಕೆ ಉಣಿಸುವ ಕಷ್ಟ ಇನ್ನೂ ಯಾರ ಕಣ್ಣಿಗೂ ಸ್ಪಷ್ಟವಾಗಿ ಬಿದ್ದಿರಲಿಲ್ಲ.

ಬಾಂಬು ಮಾಡುವವರಿಗೆ ಮಾತ್ರ ಟ್ರಿಟಿಯಂ ತೆಗೆಯುವ ವಿದ್ಯೆ ಆಗಲೇ ಕರಗತವಾಗಿತ್ತು. ದಕ್ಷಿಣ ಕೆರೊಲಿನಾದ ಸವಾನಾ ನದಿಯ ತೀರದ ಸ್ಥಾವರದಲ್ಲಿ ಲಿಥಿಯಂ ಮತ್ತು ಅಲ್ಯೂಮಿನಿಯಂ ಮಿಶ್ರಲೋಹದ ಸರಳುಗಳನ್ನು ರಿಯಾಕ್ಟರಿನಲ್ಲಿ ತಿಂಗಳುಗಟ್ಟಲೆ ಇಟ್ಟು, ಹೊರತೆಗೆದು, ಕುಲುಮೆಯಲ್ಲಿ ಕಾಯಿಸಿ ಅನಿಲವನ್ನು ಹಿಡಿಯುತ್ತಿದ್ದರು. ಅಲ್ಲಿ 1988ರಲ್ಲಿ ಉತ್ಪಾದನೆ ನಿಂತಿತು. 2003ರಿಂದ ಟೆನೆಸ್ಸೀಯ ವಾಟ್ಸ್ ಬಾರ್ ವಿದ್ಯುತ್ ಸ್ಥಾವರದಲ್ಲಿ ಲಿಥಿಯಂ ಅಲ್ಯೂಮಿನೇಟ್ ಎಂಬ ಪಿಂಗಾಣಿಯ ಬಿಲ್ಲೆಗಳನ್ನು ಸರಳುಗಳಲ್ಲಿ ತುಂಬಿ ಅದೇ ಕಾರ್ಯವನ್ನು ಮುಂದುವರಿಸಲಾಗಿದೆ. ಅವರಿಗೆ ಅವಸರವಿಲ್ಲ. ಸರಳು ಹೊರಬರುವವರೆಗೆ ಟ್ರಿಟಿಯಂ ಒಳಗೇ ಭದ್ರವಾಗಿರಬೇಕೆಂಬುದು ಅವರ ಆಸೆ. ಸಮ್ಮಿಲನ ಸ್ಥಾವರದವರ ಆಸೆ ಇದಕ್ಕೆ ತದ್ವಿರುದ್ಧ: ಇಂದು ಹುಟ್ಟಿದ್ದು ಇಂದೇ ಹೊರಗೆ ಬರಬೇಕು, ರಿಯಾಕ್ಟರನ್ನು ನಿಲ್ಲಿಸದೆ, ಹೊದಿಕೆಯನ್ನು ಬಿಚ್ಚದೆ. ಒಂದೇ ವಸ್ತುವಿನಿಂದ ಇಬ್ಬರು ಎರಡು ವಿರುದ್ಧ ವರಗಳನ್ನು ಬೇಡುತ್ತಿದ್ದಾರೆ.

ಹೊದಿಕೆ ಎಂದೆವು. ಪ್ಲಾಸ್ಮಾ ಇರುವ ಪಾತ್ರೆಯ ಸುತ್ತ ಲಿಥಿಯಂ ತುಂಬಿದ ದಪ್ಪ ಗೋಡೆಯನ್ನು ಹೊದಿಸುತ್ತಾರೆ. ನ್ಯೂಟ್ರಾನುಗಳು ಅಲ್ಲಿ ಶಾಖವನ್ನು ಬಿಟ್ಟು ಟ್ರಿಟಿಯಂ ಅನ್ನು ಹುಟ್ಟಿಸುತ್ತವೆ. 1970ರ ದಶಕದಲ್ಲಿ ವಿದ್ಯುತ್ ಸ್ಥಾವರಗಳ ನಕ್ಷೆಗಳನ್ನು ಗಂಭೀರವಾಗಿ ಬರೆಯತೊಡಗಿದಾಗ ಮೊದಲು ಹೊಳೆದದ್ದು ಕರಗಿದ ಲಿಥಿಯಂ ಅನ್ನೇ ಕೊಳವೆಗಳಲ್ಲಿ ಹರಿಸುವ ಉಪಾಯ. ಆದರೆ ಬಿಸಿ ಲಿಥಿಯಂ ನೀರನ್ನು ಕಂಡರೆ ಉರಿದೇಳುತ್ತದೆ. ಬಲವಾದ ಕಾಂತಕ್ಷೇತ್ರದಲ್ಲಿ ದ್ರವಲೋಹವನ್ನು ಹರಿಸುವುದೆಂದರೆ ಜೇನುತುಪ್ಪವನ್ನು ಹುಲ್ಲುಕಡ್ಡಿಯಿಂದ ಹೀರುವ ಕೆಲಸ. ಸೀಸದೊಡನೆ ಬೆರೆಸಿ ಆ ಉಗ್ರತೆಯನ್ನು ತಗ್ಗಿಸುವ ಪಂಥದವರು ಇಂದಿಗೂ ಇದ್ದಾರೆ. ಇನ್ನೊಂದು ಪಂಥದವರು ಲಿಥಿಯಂ ಅನ್ನು ಆಮ್ಲಜನಕದೊಡನೆ ಬಂಧಿಸಿ ಪಿಂಗಾಣಿ ಮಾಡಿಬಿಡೋಣ, ಪಿಂಗಾಣಿ ಉರಿಯುವುದಿಲ್ಲ, ಹರಿಯುವುದೂ ಇಲ್ಲ ಎಂದರು. ಲಿಥಿಯಂ ಆಕ್ಸೈಡ್, ಅಲ್ಯೂಮಿನೇಟ್, ಜಿರ್ಕೋನೇಟ್, ಆರ್ಥೋಸಿಲಿಕೇಟ್, ಟೈಟನೇಟ್ ಮುಂತಾದುವು ಕಣಕ್ಕಿಳಿದವು. ಸುರಕ್ಷತೆಯ ಪ್ರಶ್ನೆಗೆ ಹೀಗೆ ಉತ್ತರ ಸಿಕ್ಕಿತು. ಟ್ರಿಟಿಯಂ ಕಲ್ಲಿನೊಳಗೆ ಸೆರೆಯಾಯಿತು.

ಈಗ ಆ ಸೆರೆಯನ್ನು ಸಮೀಪದಿಂದ ನೋಡೋಣ. ಪಿಂಗಾಣಿಯ ಒಂದು ಹರಳೆಂದರೆ ಅಸಂಖ್ಯಾತ ಸೂಕ್ಷ್ಮ ಸ್ಫಟಿಕ ಕಣಗಳು ಒತ್ತೊತ್ತಾಗಿ ಅಂಟಿಕೊಂಡ ರಾಶಿ. ನಡುನಡುವೆ ಸಣ್ಣ ರಂಧ್ರಗಳ ಓಣಿಗಳು. ಲಿಥಿಯಂ ಬೀಜ ಒಡೆದಾಗ ಟ್ರಿಟಿಯಂ ಗುಂಡಿನಂತೆ ಚಿಮ್ಮಿ ಕೆಲವು ಹತ್ತು ಮೈಕ್ರಾನ್ ದೂರ ಹೋಗಿ ನಿಲ್ಲುತ್ತದೆ. ನಮ್ಮ ಕೆಂಪು ರಕ್ತಕಣದ ಅಡ್ಡಗಲ ಏಳು ಮೈಕ್ರಾನ್ ಎಂಬುದನ್ನು ನೆನೆದರೆ ಈ ದೂರ ಮನಸ್ಸಿಗೆ ಬರುತ್ತದೆ. ದಾರಿಯುದ್ದಕ್ಕೂ ಸ್ಫಟಿಕದ ಕಟ್ಟಡದಲ್ಲಿ ಅಣುಗಳನ್ನು ಕಿತ್ತು ಗಾಯ ಮಾಡಿರುತ್ತದೆ. ಆ ಗಾಯದ ಗುಂಡಿಗಳಲ್ಲಿ ಕೆಲವೊಮ್ಮೆ ತಾನೇ ಸಿಕ್ಕಿಬೀಳುತ್ತದೆ. ನಿಂತ ಮೇಲೆ ಸಾಮಾನ್ಯವಾಗಿ ಒಂದು ಆಮ್ಲಜನಕದ ಕೈಹಿಡಿಯುತ್ತದೆ. ಅಲ್ಲಿಂದ ಮುಂದೆ ಗುಂಡಿನ ವೇಗವಿಲ್ಲ. ಕಾವಿನ ಬಲದಿಂದ ಒಂದು ನೆಲೆಯಿಂದ ಇನ್ನೊಂದು ನೆಲೆಗೆ ಜಿಗಿಯುತ್ತ, ಜಾತ್ರೆಯ ಜನಸಂದಣಿಯಲ್ಲಿ ಹೆಜ್ಜೆ ಹೆಜ್ಜೆಗೂ ನಿಂತು ನುಸುಳುವವನಂತೆ, ಕಣದ ಅಂಚನ್ನು ಸೇರಬೇಕು. ಕಣದ ಗಾತ್ರ ಇಮ್ಮಡಿಯಾದರೆ ಈ ಪಯಣದ ಕಾಲ ನಾಲ್ಮಡಿಯಾಗುತ್ತದೆ. ಕಾವು ಇಳಿದರೆ ಪಯಣವೇ ನಿಂತುಹೋಗುತ್ತದೆ.

ಆದುದರಿಂದ ಮೊದಲ ತಲೆಮಾರಿನ ಸಂಶೋಧಕರು ಎಲ್ಲವೂ ಈ ಒಳಪಯಣದ ಮೇಲೆಯೇ ನಿಂತಿದೆಯೆಂದು ನಂಬಿದರು. ಕಣವನ್ನು ಚಿಕ್ಕದು ಮಾಡಿ, ಬಿಸಿಯಾಗಿಡಿ, ತಾನಾಗಿ ಬರುತ್ತದೆ ಎಂಬುದು ಅವರ ಸೂತ್ರ. ಚಿಕ್ಕದು ಮಾಡಿದರು. ಎಣಿಸಿದಷ್ಟು ಬೇಗ ಬರಲಿಲ್ಲ. ಮನೆಯೊಳಗಿನಿಂದ ಬಾಗಿಲವರೆಗೆ ಬಂದವನು ಹೊಸಲು ದಾಟದೆ ನಿಂತಿದ್ದನು.

ಹೊಸಲಿನಲ್ಲಿ ನಡೆಯುವುದೇನು? ಕಣದ ಮೇಲ್ಮೈಗೆ ಬಂದ ಟ್ರಿಟಿಯಂ ಒಂಟಿಯಾಗಿ ಹಾರಿಹೋಗಲಾರದು. ಅದು ಆಮ್ಲಜನಕಕ್ಕೆ ಅಂಟಿಕೊಂಡಿದೆ. ಹಾರಬೇಕಾದರೆ ಜೊತೆಗಾರ ಬೇಕು. ಜಪಾನಿನ ತೊಕಾಯಿಯ ಪರಮಾಣು ಸಂಶೋಧನ ಸಂಸ್ಥೆಯಲ್ಲಿ ಹಿರೋಶಿ ಕುಡೊ ಎಂಬ ವಿಜ್ಞಾನಿ ನ್ಯೂಟ್ರಾನ್ ತಗುಲಿಸಿದ ಲಿಥಿಯಂ ಆಕ್ಸೈಡ್ ಪುಡಿಯನ್ನು ನಿರ್ವಾತದಲ್ಲಿ ಕಾಯಿಸಿ 1970ರ ದಶಕದ ಕೊನೆಯಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಟ್ರಿಟಿಯಂ ಹೊರಬಂದದ್ದು ನೀರಿನ ರೂಪದಲ್ಲಿ. ಹೀಗೆ ಆಮ್ಲಜನಕದ ಜೊತೆ ಹಿಡಿದು ನೀರಾಗಿ ಹೊರಬೀಳುವುದು ಒಂದು ದಾರಿ. ಇನ್ನೊಂದು ದಾರಿಯನ್ನು ತೆರೆದದ್ದು ಸಾಮಾನ್ಯ ಜಲಜನಕ. ಹರಳುಗಳ ನಡುವೆ ಹರಿಸುವ ಹೀಲಿಯಂ ಅನಿಲದಲ್ಲಿ ಸಾವಿರಕ್ಕೆ ಒಂದು ಪಾಲು ಜಲಜನಕವನ್ನು ಬೆರೆಸಿದರೆ, ಅದರ ಒಂದು ಅಣು ಮೇಲ್ಮೈಯಲ್ಲಿ ಟ್ರಿಟಿಯಂನ ಜಾಗದಲ್ಲಿ ಕುಳಿತು, ಅದನ್ನು ಅಲ್ಲಿಂದ ಎಬ್ಬಿಸಿ ಜೊತೆಗೆ ಕರೆದೊಯ್ಯುತ್ತದೆ. ಬಸ್ಸಿನಲ್ಲಿ ಸೀಟು ಹಿಡಿದು ಕುಳಿತವನನ್ನು ಬೈಗುಳದಿಂದ ಎಬ್ಬಿಸಲಾಗದು. ನಾನು ಕೂರುತ್ತೇನೆ, ನೀನು ನನ್ನ ತಮ್ಮನೊಡನೆ ಇಳಿ ಎಂಬ ಒಪ್ಪಂದದಿಂದ ಎಬ್ಬಿಸಬಹುದು. ಈ ವಿನಿಮಯವೇ ಇಡೀ ಚರಿತ್ರೆಯ ತಿರುವು ಎಂದು ನಾವು ಭಾವಿಸುತ್ತೇವೆ.

ಅಮೆರಿಕದ ಆರ್ಗಾನ್ ಮತ್ತು ಓಕ್ ರಿಜ್ ಪ್ರಯೋಗಾಲಯಗಳು ಸೇರಿ 1980ರ ದಶಕದ ಮೊದಲ ಭಾಗದಲ್ಲಿ ನಡೆಸಿದ 'ಟ್ರಯೊ' ಪ್ರಯೋಗದಲ್ಲಿ ಇದು ಕಣ್ಣಿಗೆ ಕಂಡಿತು. ಲಿಥಿಯಂ ಅಲ್ಯೂಮಿನೇಟನ್ನು ಓಕ್ ರಿಜ್‌ನ ರಿಯಾಕ್ಟರಿನೊಳಗೇ ಇಟ್ಟು, ಅದರ ಮೂಲಕ ಹೀಲಿಯಂ ಹರಿಸಿ, ಹುಟ್ಟುತ್ತಿದ್ದ ಟ್ರಿಟಿಯಂ ಅನ್ನು ಹುಟ್ಟುತ್ತಿದ್ದಂತೆಯೇ ಹೊರಗೆ ಅಳೆದರು. ಅನಿಲಕ್ಕೆ ಜಲಜನಕ ಸೇರಿಸಿದಾಗ ಬಿಡುಗಡೆ ಸುಧಾರಿಸಿತು. ಅಲ್ಲಿಂದ ಮುಂದೆ ಸಾವಿರಕ್ಕೊಂದು ಪಾಲಿನ ಆ ಮಿಶ್ರಣವೇ ಬಹುಪಾಲು ಪ್ರಯೋಗಗಳಲ್ಲಿ ರೂಢಿಗೆ ಬಂದಿತು.

ಜಲಜನಕದ ದಾರಿಗೂ ನೀರಿನ ದಾರಿಗೂ ಇರುವ ಭೇದ ರಾಸಾಯನಿಕರಿಗಿಂತ ವೈದ್ಯರಿಗೆ ಹೆಚ್ಚು ಮುಖ್ಯವಾದದ್ದು. ಅನಿಲ ರೂಪದ ಟ್ರಿಟಿಯಂ ಅನ್ನು ಉಸಿರಾಡಿದರೆ ಬಹುಮಟ್ಟಿಗೆ ಹಾಗೆಯೇ ಹೊರಗೆ ಹೋಗುತ್ತದೆ. ನೀರಿನ ರೂಪದ್ದು ಒಳಹೊಕ್ಕರೆ ದೇಹದ ನೀರಿನೊಡನೆ ಬೆರೆತು ಎಲ್ಲ ಜೀವಕೋಶಗಳನ್ನೂ ಮುಟ್ಟುತ್ತದೆ. ಅಷ್ಟೇ ಪ್ರಮಾಣದ ಅನಿಲಕ್ಕೆ ಹೋಲಿಸಿದರೆ ನೀರಿನ ರೂಪ ಕೊಡುವ ವಿಕಿರಣದ ಪ್ರಮಾಣ ಸುಮಾರು ಹತ್ತು ಸಾವಿರ ಪಟ್ಟು ಎಂದು ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗದ ಗುಣಾಂಕಗಳು ಹೇಳುತ್ತವೆ. ಅದರ ಬೀಟಾ ಕಣ ನೀರಿನಲ್ಲಿ ಹೆಚ್ಚೆಂದರೆ ಆರು ಮೈಕ್ರಾನ್ ಹೋಗುತ್ತದೆ, ಒಂದು ರಕ್ತಕಣದ ಅಗಲವನ್ನೂ ದಾಟದು. ಹೊರಗಿದ್ದರೆ ಚರ್ಮದ ಸತ್ತ ಪದರವೇ ತಡೆಯುತ್ತದೆ. ಒಳಗೆ ಹೋದರೆ ಮಾತ್ರ ಅಪಾಯ. ಈ ಕಿರುನಡಿಗೆಯ ಗುಣವನ್ನೇ ಉಪಯೋಗಿಸಿಕೊಂಡು 1957ರಲ್ಲಿ ಹರ್ಬರ್ಟ್ ಟೇಲರ್ ಮತ್ತು ಸಂಗಡಿಗರು ಟ್ರಿಟಿಯಂ ಬೆರೆಸಿದ ಥೈಮಿಡಿನ್‌ನಿಂದ ವರ್ಣತಂತುಗಳು ಹೇಗೆ ಇಮ್ಮಡಿಯಾಗುವುವೆಂಬುದನ್ನು ಛಾಯಾಫಲಕದ ಮೇಲೆ ಹಿಡಿದರು. ನಾವು ಮೊದಲ ವರ್ಷದಲ್ಲಿ ಬಾಯಿಪಾಠ ಮಾಡಿದ ಚಿತ್ರಕ್ಕೆ ಹೀಗೆ ಟ್ರಿಟಿಯಂ ಋಣವಿದೆ.

ದೇಹಕ್ಕೆ ಸೇರಿದ ಟ್ರಿಟಿಯಂ ನೀರನ್ನು ಹೊರಹಾಕುವ ಚಿಕಿತ್ಸೆ ಸರಳ. ದೇಹದ ನೀರಿನ ಅರ್ಧ ಹೊಸದಾಗಲು ಸುಮಾರು ಹತ್ತು ದಿನ ಹಿಡಿಯುತ್ತದೆ. ಹೆಚ್ಚು ನೀರು ಕುಡಿಸಿ, ಮೂತ್ರ ಹೆಚ್ಚಿಸುವ ಔಷಧ ಕೊಟ್ಟರೆ ಆ ಅವಧಿ ಕಿರಿದಾಗುತ್ತದೆ. 2009ರ ನವೆಂಬರಿನಲ್ಲಿ ನಮ್ಮ ಉತ್ತರ ಕನ್ನಡದ ಕೈಗಾದಲ್ಲಿ ಹೀಗೆಯೇ ಮಾಡಬೇಕಾಯಿತು. ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಟಿಯಂ ಇದ್ದ ಭಾರಜಲವನ್ನು ಬೆರೆಸಿದ್ದರು. ನೌಕರರ ಮೂತ್ರದ ನಿಯತ ಪರೀಕ್ಷೆಯಿಂದ ವಿಷಯ ಬೆಳಕಿಗೆ ಬಂದಿತು. ಐವತ್ತಕ್ಕೂ ಹೆಚ್ಚು ಮಂದಿಯ ದೇಹದಲ್ಲಿ ಟ್ರಿಟಿಯಂ ಹೆಚ್ಚಾಗಿತ್ತು. ಆ ಪರೀಕ್ಷೆಯ ಪದ್ಧತಿ ಇರದಿದ್ದರೆ ತಿಳಿಯುವುದು ಎಷ್ಟು ತಡವಾಗುತ್ತಿತ್ತೋ.

ಪಿಂಗಾಣಿಗೂ ಇದೇ ತರ್ಕ ಅನ್ವಯಿಸುತ್ತದೆ. ರೋಗಿಗೆ ದಿನವೂ ಒಂದೇ ಪ್ರಮಾಣದ ಮದ್ದು ಕೊಡುತ್ತ ಹೋದರೆ ದೇಹದಲ್ಲಿ ನಿಲ್ಲುವ ಮೊತ್ತವು ದಿನದ ಪ್ರಮಾಣವನ್ನೂ ಅದು ಒಳಗೆ ತಂಗುವ ಕಾಲವನ್ನೂ ಗುಣಿಸಿದಷ್ಟು. ಹೊದಿಕೆಯಲ್ಲಿ ದಿನಕ್ಕೆ 150 ಗ್ರಾಂ ಹುಟ್ಟುತ್ತದೆಯೆನ್ನೋಣ. ಸರಾಸರಿ ಒಂದು ದಿನ ತಂಗಿದರೆ ಒಳಗೆ ಸದಾ 150 ಗ್ರಾಂ ಇರುತ್ತದೆ. ಹತ್ತು ದಿನ ತಂಗಿದರೆ ಒಂದೂವರೆ ಕಿಲೋ. ನೂರು ದಿನ ತಂಗಿದರೆ ಹದಿನೈದು ಕಿಲೋ. ಜಗತ್ತಿನ ದಾಸ್ತಾನಿನ ಅರ್ಧದಷ್ಟು ಒಂದೇ ಗೋಡೆಯಲ್ಲಿ ಹುದುಗಿ, ಉರಿಸಲೂ ದೊರಕದೆ, ಅಪಘಾತವಾದರೆ ಹೊರಬೀಳುವ ಭಯವನ್ನೂ ಇಟ್ಟುಕೊಂಡು ಕುಳಿತಿರುತ್ತದೆ. ಆದುದರಿಂದಲೇ ಸಂಶೋಧಕರು ಒಂದು ದಿನದ ತಂಗುವಿಕೆಯನ್ನು ಗುರಿಯಾಗಿ ಇಟ್ಟುಕೊಂಡು, ಯಾವ ವಸ್ತು ಎಷ್ಟು ಕಡಿಮೆ ಕಾವಿನಲ್ಲಿ ಆ ಗುರಿಯನ್ನು ಮುಟ್ಟುತ್ತದೆಂದು ಹೋಲಿಸತೊಡಗಿದರು.

ಆ ಹೋಲಿಕೆಯ ಕಾಲವೇ 1980 ಮತ್ತು 1990ರ ದಶಕಗಳು. ಹಾಲೆಂಡಿನ ಪೆಟನ್ ಊರಿನ ರಿಯಾಕ್ಟರಿನಲ್ಲಿ 'ಎಕ್ಸೊಟಿಕ್' ಎಂಬ ಪ್ರಯೋಗಮಾಲೆ, ಕೆನಡಾದ ಚಾಕ್ ರಿವರ್‌ನಲ್ಲಿ 'ಕ್ರಿಟಿಕ್', ಫ್ರಾನ್ಸಿನಲ್ಲಿ ಬೇರೆ ಕೆಲವು. ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡ್‌ನ ವೇಗದ ರಿಯಾಕ್ಟರಿನಲ್ಲಿ ಅಮೆರಿಕ, ಜಪಾನ್, ಕೆನಡಾ ಸೇರಿ 1990ರಿಂದ 1992ರ ವರೆಗೆ ನಡೆಸಿದ 'ಬಿಯಾಟ್ರಿಕ್ಸ್-2' ನಮಗೆ ಎಲ್ಲಕ್ಕಿಂತ ಆಕರ್ಷಕವಾಗಿ ಕಾಣುತ್ತದೆ. ಲಿಥಿಯಂ ಆಕ್ಸೈಡ್ ಒಳಗೆ ಉರಿಯುತ್ತಿರುವಾಗಲೇ ಹೊರಗಿನಿಂದ ಕಾವನ್ನೂ ಅನಿಲದ ಬೆರಕೆಯನ್ನೂ ಬದಲಿಸಿ, ಪ್ರತಿ ಬದಲಾವಣೆಗೆ ಟ್ರಿಟಿಯಂ ಹೇಗೆ ಪ್ರತಿಕ್ರಿಯಿಸುವುದೆಂದು ರೇಖೆ ಎಳೆದರು. ಜಲಜನಕವನ್ನು ಕಡಿಮೆ ಮಾಡಿದಾಗ ಹೊರಬರುವುದು ತಗ್ಗಿ ಒಳಗೆ ದಾಸ್ತಾನು ಬೆಳೆಯಿತು; ಮರಳಿ ಕೊಟ್ಟಾಗ ತಡೆಹಿಡಿದದ್ದು ಒಮ್ಮೆಗೆ ಉಕ್ಕಿ ಬಂದಿತು. ತೀವ್ರನಿಗಾ ಘಟಕದಲ್ಲಿ ರಾತ್ರಿಯೆಲ್ಲ ಮಾನಿಟರಿನ ರೇಖೆ ನೋಡಿದವರಿಗೆ ಇಂಥ ಚಿತ್ರಗಳು ಓದಲು ಕಷ್ಟವಲ್ಲ.

ಸ್ಪರ್ಧೆಯಲ್ಲಿ ಗೆದ್ದವರು ಯಾರು? ಲಿಥಿಯಂ ಅತಿ ಹೆಚ್ಚು ಅಡಕವಾಗಿದ್ದ ಆಕ್ಸೈಡ್ ತೇವಕ್ಕೆ ಸೋತಿತು. ಅದು ನೀರನ್ನು ಹೀರಿ ಹೈಡ್ರಾಕ್ಸೈಡ್ ಆಗಿ ಆವಿಯೊಡನೆ ಜಾಗ ಬಿಡುತ್ತದೆ. ಜಿರ್ಕೋನೇಟ್ ಕಡಿಮೆ ಕಾವಿನಲ್ಲಿಯೇ ಟ್ರಿಟಿಯಂ ಅನ್ನು ಉದಾರವಾಗಿ ಬಿಟ್ಟುಕೊಟ್ಟಿತಾದರೂ ಜಿರ್ಕೋನಿಯಂ ನ್ಯೂಟ್ರಾನಿನಿಂದ ದೀರ್ಘಕಾಲದ ವಿಕಿರಣಶೀಲತೆಯನ್ನು ಪಡೆಯುತ್ತದೆ. ಉಳಿದವು ಆರ್ಥೋಸಿಲಿಕೇಟ್ ಮತ್ತು ಟೈಟನೇಟ್. ಯೂರೋಪಿನವರು, ಮುಖ್ಯವಾಗಿ ಜರ್ಮನಿಯ ಕಾರ್ಲ್ಸ್‌ರೂಹೆಯವರು, ಸಿಲಿಕೇಟನ್ನು ಕರಗಿಸಿ ಸಿಂಪಡಿಸಿ ಒಂದು ಮಿಲಿಮೀಟರಿಗಿಂತ ಚಿಕ್ಕ ಗುಂಡುಗಳನ್ನು ಮಾಡಿದರು. ಜಪಾನಿನವರು ಟೈಟನೇಟನ್ನು ಹಿಡಿದರು. ದೊಡ್ಡ ಬಿಲ್ಲೆ ಬಿಸಿಯಲ್ಲಿ ಬಿರುಕು ಬಿಡುತ್ತದೆ. ಸಾಸಿವೆಯಂಥ ಗುಂಡುಗಳ ರಾಶಿ ಹಿಗ್ಗಿ ಕುಗ್ಗಿ ಹೊಂದಿಕೊಳ್ಳುತ್ತದೆ, ಅನಿಲಕ್ಕೂ ದಾರಿ ಬಿಡುತ್ತದೆ. ಕಾವಿಗೆ ಎರಡು ಮೇರೆಗಳಿವೆ: ಸುಮಾರು 400 ಡಿಗ್ರಿಗಿಂತ ಕೆಳಗೆ ಟ್ರಿಟಿಯಂ ಚಲಿಸದು; 900ರ ಮೇಲೆ ಕಣಗಳು ಒಂದಕ್ಕೊಂದು ಬೆಸೆದು ಓಣಿಗಳು ಮುಚ್ಚುತ್ತವೆ. ಶಾಖವನ್ನು ಸುಲಭವಾಗಿ ಸಾಗಿಸದ ಪಿಂಗಾಣಿಯ ಇಡೀ ರಾಶಿಯನ್ನು ಈ ಎರಡು ಮೇರೆಗಳ ನಡುವೆ ವರ್ಷಗಟ್ಟಲೆ ಇಡುವುದು, ದೋಸೆಹಂಚಿನ ನಡುವನ್ನೂ ಅಂಚನ್ನೂ ಒಂದೇ ಹದದಲ್ಲಿ ಇಟ್ಟಂತೆ.

ಇನ್ನು ಬೆರಿಲಿಯಂ. ಒಂದು ಟ್ರಿಟಿಯಂ ಉರಿದರೆ ಒಂದೇ ನ್ಯೂಟ್ರಾನ್ ಸಿಗುತ್ತದೆ. ಕೆಲವು ನ್ಯೂಟ್ರಾನುಗಳು ಉಕ್ಕಿನಲ್ಲಿ ವ್ಯರ್ಥವಾಗುತ್ತವೆ. ಲೆಕ್ಕ ಸರಿಹೋಗಬೇಕಾದರೆ ಒಂದನ್ನು ಎರಡು ಮಾಡುವವರು ಬೇಕು. ಬೆರಿಲಿಯಂ ಆ ಕೆಲಸ ಮಾಡುತ್ತದೆ. 1932ರಲ್ಲಿ ಜೇಮ್ಸ್ ಚಾಡ್ವಿಕ್ ನ್ಯೂಟ್ರಾನನ್ನು ಕಂಡದ್ದೂ ಬೆರಿಲಿಯಂನಿಂದಲೇ. ಆದರೆ ಅದರ ಧೂಳು ಶ್ವಾಸಕೋಶಕ್ಕೆ ಹಗೆ. 1946ರಲ್ಲಿ ಹ್ಯಾರಿಯೆಟ್ ಹಾರ್ಡಿ ಎಂಬ ಅಮೆರಿಕನ್ ವೈದ್ಯೆಯು ಪ್ರತಿದೀಪ ಕೊಳವೆದೀಪಗಳನ್ನು ಮಾಡುವ ಕೆಲಸಗಾರರಲ್ಲಿ ಈ ರೋಗವನ್ನು ವಿವರಿಸಿದಳು. ಸಾರ್ಕಾಯ್ಡೋಸಿಸ್ ಎಂದು ಚೀಟಿ ಬರೆಯುವ ಮೊದಲು ರೋಗಿಯ ಉದ್ಯೋಗವನ್ನು ಕೇಳಿರಿ ಎಂದು ನಮ್ಮ ಗುರುಗಳು ಹೇಳುತ್ತಿದ್ದುದರ ಹಿಂದೆ ಆಕೆಯ ಪರಿಶ್ರಮವಿದೆ. ಸಾಲದುದಕ್ಕೆ ಬೆರಿಲಿಯಂ ತಾನೂ ಸ್ವಲ್ಪ ಟ್ರಿಟಿಯಂ ಹುಟ್ಟಿಸಿ ತನ್ನೊಳಗೇ ಬಚ್ಚಿಟ್ಟುಕೊಳ್ಳುತ್ತದೆ.

ಪ್ಲಾಸ್ಮಾದ ಕಡೆಯ ಸಾಧನೆಗಳನ್ನು ತಾವು ಬಲ್ಲಿರಿ. ಪ್ರಿನ್ಸ್‌ಟನ್ನಿನ ಯಂತ್ರ 1994ರಲ್ಲಿ 10.7 ಮೆಗಾವ್ಯಾಟ್ ಮುಟ್ಟಿತು; ಇಂಗ್ಲೆಂಡಿನ 'ಜೆಟ್' 1997ರಲ್ಲಿ 16 ಮೆಗಾವ್ಯಾಟ್ ಮುಟ್ಟಿ, 2023ರಲ್ಲಿ ಒಂದೇ ಉಸಿರಿಗೆ 69 ಮೆಗಾಜೂಲ್ ಕೊಟ್ಟು ಆ ವರ್ಷದ ಕೊನೆಗೆ ವಿಶ್ರಾಂತಿ ಪಡೆಯಿತು. ಇವೆಲ್ಲವೂ ಹೊರಗಿನಿಂದ ತಂದ ಟ್ರಿಟಿಯಂ ಅನ್ನು ಉರಿಸಿದವು. ತನ್ನ ಹೆಪ್ಪನ್ನು ತಾನೇ ಮಾಡಿಕೊಂಡ ಸಮ್ಮಿಲನ ಯಂತ್ರ ಇದುವರೆಗೆ ಒಂದೂ ಇಲ್ಲ. ಪಿಂಗಾಣಿಯ ಗುಂಡುಗಳು ಇದುವರೆಗೆ ಕಂಡಿರುವುದು ವಿದಳನ ರಿಯಾಕ್ಟರುಗಳ ನ್ಯೂಟ್ರಾನುಗಳನ್ನು ಮತ್ತು ಪ್ರಯೋಗಾಲಯದ ಸಣ್ಣ ಯಂತ್ರಗಳ ನ್ಯೂಟ್ರಾನುಗಳನ್ನು. ನಿಜವಾದ ಸಮ್ಮಿಲನದ ಬೆಂಕಿಯ ಮುಂದೆ ಅವುಗಳನ್ನು ಕುಳ್ಳಿರಿಸುವ ಅವಕಾಶ ಒದಗಬೇಕಾದದ್ದು ಫ್ರಾನ್ಸಿನಲ್ಲಿ ಏಳುತ್ತಿರುವ 'ಈಟರ್' ಯಂತ್ರದಲ್ಲಿ. ಭಾರತ 2005ರ ಡಿಸೆಂಬರಿನಲ್ಲಿ ಇದರ ಸದಸ್ಯತ್ವ ಪಡೆಯಿತು. ಯಂತ್ರವನ್ನು ಸುತ್ತುವರಿಯುವ ಬೃಹತ್ ಶೀತಪಾತ್ರೆಯ ಭಾಗಗಳು ಗುಜರಾತಿನ ಹಜೀರಾದಲ್ಲಿ ತಯಾರಾದವು. ಗಾಂಧಿನಗರದ ಪ್ಲಾಸ್ಮಾ ಸಂಶೋಧನ ಸಂಸ್ಥೆಯವರು ಸೀಸ–ಲಿಥಿಯಂ ದ್ರವವನ್ನೂ ಲಿಥಿಯಂ ಟೈಟನೇಟ್ ಪಿಂಗಾಣಿಯನ್ನೂ ಒಂದೇ ಹೊದಿಕೆಯಲ್ಲಿ ಕೂಡಿಸುವ ನಕ್ಷೆಯನ್ನು ರೂಪಿಸಿದರು. ಎರಡು ಪಂಥಗಳ ಜಗಳದಲ್ಲಿ ಇಬ್ಬರಿಗೂ ಎಲೆ ಹಾಕುವ ಈ ಉಪಾಯ ನಮಗೆ ತೀರ ನಮ್ಮವರದೆನಿಸಿತು.

2024ರಲ್ಲಿ ಪ್ರಕಟವಾದ ಹೊಸ ವೇಳಾಪಟ್ಟಿಯ ಪ್ರಕಾರ ಈಟರ್‌ನಲ್ಲಿ ಡ್ಯೂಟೀರಿಯಂ ಮತ್ತು ಟ್ರಿಟಿಯಂ ಕೂಡಿ ಉರಿಯುವುದು 2039ರಲ್ಲಿ. ಅಷ್ಟರಲ್ಲಿ ಆಂಟೇರಿಯೋದ ದಾಸ್ತಾನಿನಲ್ಲಿ ಇಂದು ಇರುವ ಟ್ರಿಟಿಯಂನ ಅರ್ಧಕ್ಕಿಂತ ಹೆಚ್ಚು ಹೀಲಿಯಂ ಆಗಿರುತ್ತದೆ. ಅದನ್ನು ತುಂಬಿಕೊಡುತ್ತಿದ್ದ ಹಳೆಯ ರಿಯಾಕ್ಟರುಗಳಲ್ಲಿ ಕೆಲವು ನಿವೃತ್ತಿಯ ವಯಸ್ಸನ್ನು ಮುಟ್ಟಿವೆ. ಈ ಕೂಟದ ಮಕ್ಕಳಲ್ಲಿ ಇಂದು ಎಂಟನೆಯ ತರಗತಿಯಲ್ಲಿ ಓದುತ್ತಿರುವವರು ಆ ಹೊತ್ತಿಗೆ ಇಪ್ಪತ್ತೇಳು ಇಪ್ಪತ್ತೆಂಟು ವಯಸ್ಸಿನವರಾಗಿರುತ್ತಾರೆ. ಉಪನ್ಯಾಸದ ಅನಂತರ ಅವರಲ್ಲೊಬ್ಬಳು ಬಂದು, ಜಲಜನಕದ ಬದಲು ಬೇರೆ ಯಾವ ಅನಿಲ ಬೆರೆಸಿದರೆ ಇನ್ನೂ ಬೇಗ ಹೊರಬರಬಹುದು ಎಂದು ಕೇಳಿದಳು. ನೀರಾವಿ ಬೆರೆಸಿದರೆ ಬಿಡುಗಡೆ ಇನ್ನೂ ವೇಗವಾಗುತ್ತದೆಂದೂ, ಆದರೆ ಬರುವುದೆಲ್ಲ ನೀರಿನ ರೂಪದಲ್ಲಿ, ಹತ್ತು ಸಾವಿರ ಪಟ್ಟಿನ ಆ ರೂಪದಲ್ಲಿ, ಎಂದೂ ಉತ್ತರಿಸಿದೆವು. ಅವಳು ಅದನ್ನು ಬರೆದುಕೊಂಡು, ಹಾಗಾದರೆ ಹೊರಬಂದ ಮೇಲೆ ನೀರಿನಿಂದ ಅದನ್ನು ಬೇರ್ಪಡಿಸುವುದು ಹೇಗೆ ಎಂದು ಕೇಳಿದಳು. ಅಷ್ಟರಲ್ಲಿ ಊಟಕ್ಕೆ ಕರೆ ಬಂದಿತು.